ನನ್ನ ತಟ್ಟೆಯ ತುಂಡು

ಶನಿವಾರ, ಹದಿನಾಲ್ಕು

ಕೈಯಲ್ಲಿ ಇನ್ನೂ ಬೆಣ್ಣೆ, ಬೆಳ್ಳುಳ್ಳಿ ವಾಸನೆ. ತೊಳೆಯಲ್ಲ, ಇರಲಿ.

ಈ ಮನೆಯಲ್ಲಿ ಸ್ಟೇಕ್ ಮಾಡಿದರೆ ಆ ದಪ್ಪ ಮಾಂಸದ ತುಂಡು ಸುಟ್ಟು ಚಪ್ಪಲಿ ಅಟ್ಟೆಯ ಹಾಗಾಗಬೇಕು. ತೀರಿಹೋದ ಮಾವನವರಿಗೆ ಹಾಗಿದ್ದರೇ ಇಷ್ಟ, ಈಗ ಅವರ ಮಗನಿಗೂ. ಮದುವೆಯಾದಾಗಿನಿಂದ ನಾನೂ ಅದನ್ನೇ ಅಗಿದಿದ್ದೇನೆ.

ಇವತ್ತು ನಮ್ಮ ಮದುವೆಯಾದ ದಿನ. ಮೇಜಿಗೆ ಬಿಳಿ ಬಟ್ಟೆ ಹಾಸಿದೆ, ಅಣಬೆ ಹುರಿದು ಕ್ರೀಮ್ ಸುರಿದು ದಪ್ಪಗೆ ಸಾಸ್ ಮಾಡಿದೆ. ಇವರದ್ದನ್ನೂ ಅತ್ತೆಯದ್ದನ್ನೂ ಎಂದಿನ ಹಾಗೇ ಸುಟ್ಟೆ. ನನ್ನದನ್ನು ಮಾತ್ರ ಒಳಗೆ ನಸುಗೆಂಪು ಇರುವಾಗಲೇ ಇಳಿಸಿದೆ.

ಇವರು ನನ್ನ ತಟ್ಟೆ ನೋಡಿ ಮುಖ ಸಿಂಡರಿಸಿದರು. "ಹಸಿಹಸಿ ಇದೆಯಲ್ಲೇ! ಹೋಗಿ ಮತ್ತೆ ಬೇಯಿಸ್ಕೊಂಡು ಬಾ."

"ನಿಮ್ಮದು ನಿಮ್ಮ ತಟ್ಟೇಲಿದೆ ರೀ. ಇದು ನನ್ನದು." ಜಪ್ಪಯ್ಯ ಅಂದರೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಆಗ ಅತ್ತೆ ತಮ್ಮ ತುಂಡನ್ನು ಬದಿಗೆ ಸರಿಸಿ ತಟ್ಟೆ ಮುಂದೆ ಚಾಚಿದರು. "ನಂಗೂ ಅದರಲ್ಲೇ ಅರ್ಧ ಕೊಡಮ್ಮ." ಸಾಸಿನಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ತಿಂದರು. ಆಮೇಲೆ ಮಗನ ಕಡೆ ತಿರುಗಿದರು.

"ನನ್ನ ಹಲ್ಲು ವಯಸ್ಸಾಗಿ ಬಿತ್ತು ಅಂದ್ಕೊಂಡಿದ್ದೀಯಾ? ನಿಮ್ಮಪ್ಪನ ರುಚಿಗೆ ಬಿದ್ದಿದ್ದು ಕಣೋ."

ಇವರ ಬಾಯಲ್ಲಿದ್ದದ್ದು ಇನ್ನೂ ಅಗಿದು ಮುಗಿದಿರಲಿಲ್ಲ.