ಆಸಿಯಮ್ಮ ಕೊಟ್ಟ ಎಡಗೈ

ಕಾರ್ಕಳ, ೧೯-೧೧-೧೯೭೮

ಅಕ್ಕಾ,

ಕಾಪುವಿನ ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಗೈಡ್ಸ್ ಕ್ಯಾಂಪಿಗೆಂದು ಇಲ್ಲಿಗೆ ಬಂದಿದ್ದೇನೆ. ಎತ್ತ ನೋಡಿದರೂ ಕರಿಬಂಡೆ, ಬರಿಗಾಲಲ್ಲಿ ನಡೆದರೆ ಸುಡುತ್ತದೆ. ನಿನ್ನೆ ನಫೀಸಾ ಎಂಬ ಹುಡುಗಿಯ ಅಜ್ಜಿ ಆಸಿಯಮ್ಮ, ಮೊಮ್ಮಗಳು ಹೇಗಿದ್ದಾಳೋ ಎಂದು ಬಸ್ಸು ಹತ್ತಿ ಬಂದುಬಿಟ್ಟರು. ಅದೇ ಹೊತ್ತಿಗೆ ನಾನು ನಫೀಸಾಳಿಗೆ ಅಡುಗೆಯ ಬ್ಯಾಡ್ಜ್ ಕೊಟ್ಟು ಕೈ ಕುಲುಕುತ್ತಿದ್ದೆ. ಗೈಡ್ಸಿನಲ್ಲಿ ಕುಲುಕುವುದು ಎಡಗೈ! ಅಜ್ಜಿ ಕೆಂಡಾಮಂಡಲವಾದರು.

“ಎಂತ ಟೀಚರ್ ಇದು? ಇಷ್ಟು ಕಲಿತವರು ಮಕ್ಕಳಿಗೆ ಎಡಗೈ ಕೊಡುವುದಾ? ನಫೀಸಾ, ಚೀಲ ತೆಗೆ, ಮನೆಗೆ ಹೋಗುವ.”

ಹುಡುಗಿಯ ಕಣ್ಣಲ್ಲಿ ನೀರು. ನನಗೂ ಸಿಟ್ಟು ಬಂದಿತ್ತು, ನುಂಗಿಕೊಂಡೆ. “ಅಜ್ಜೀ, ಹಿಂದೆ ಯೋಧರು ಎಡಗೈಯಲ್ಲಿ ಗುರಾಣಿ ಹಿಡಿಯುತ್ತಿದ್ದರಂತೆ. ನಂಬಿದವರ ಎದುರು ಮಾತ್ರ ಅದನ್ನು ಕೆಳಗಿಟ್ಟು ಆ ಕೈ ಚಾಚುತ್ತಿದ್ದರಂತೆ” ಎಂದೆ. ಅವರು ಚೀಲದ ಮಾತು ಬಿಟ್ಟು ಅಲ್ಲೇ ಕೂತರು. ನಫೀಸಾ ಬೇಯಿಸಿದ ಗಂಜಿ ಉಂಡು, ಸಂಜೆ ಬಸ್ಸಿಗೆ ಒಬ್ಬರೇ ಹೊರಟರು. ಹೋಗುವಾಗ ಅಕ್ಕಿರೊಟ್ಟಿಯ ಡಬ್ಬಿಯನ್ನು ಬಲಗೈಯಲ್ಲಿ ನನಗೆ ಕೊಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗೈ ಚಾಚಿದರು.

“ಮಗು ನಿಮ್ಮ ಕೈಯಲ್ಲುಂಟು ಟೀಚರ್, ಆಯ್ತಾ?”

ಈ ಕಡೆಯ ಕುಚ್ಚಲಕ್ಕಿ ನನ್ನ ಹೊಟ್ಟೆಗೆ ಒಗ್ಗಿದೆ. ಆದರೂ ಯಾರಾದರೂ ಬರುವವರಿದ್ದರೆ ಜೋಳದ ಹಿಟ್ಟು ಕಳಿಸು. ಸೀಟಿ ಊದಿದರು, ಹುಡುಗಿಯರು ಕರೆಯುತ್ತಿದ್ದಾರೆ. ಇದನ್ನು ಅವ್ವನಿಗೆ ಓದಿ ಹೇಳುವಾಗ ಮಾತ್ರ, ಎಡಗೈ ಬಂದಲ್ಲೆಲ್ಲ ಬಲಗೈ ಎಂದು ಓದು.

ನಿನ್ನ ನೀಲಾ