ಬಿಟ್ಟುಹೋದ ಪ್ಲಸ್ ಸಿ

ಸೆಪ್ಟೆಂಬರ್ 16, ಮಂಗಳವಾರ

ಇವತ್ತಿನಿಂದ ಮೇಲ್ಮಟ್ಟದ ಗಣಿತಕ್ಕೆ ನಾನೊಬ್ಬಳೇ. ವರ್ಷದ ಆರಂಭದಲ್ಲಿ ಒಂಬತ್ತು ಜನ ಇದ್ದೆವು. ಒಬ್ಬೊಬ್ಬರಾಗಿ ಜಾರಿಕೊಂಡರು, ಕೊನೆಗೆ ನನ್ನ ಬೆಂಚಿನವಳೂ ಭೂಗೋಳಕ್ಕೆ ಹೋದಳು. "ನನ್ನ ತಲೆಗೆ ಹತ್ತಲ್ಲ ಕಣೇ" ಅಂದಳು. ನನ್ನ ತಲೆಗೆ ಹತ್ತುತ್ತದೆ ಎಂದು ಯಾರು ಹೇಳಿದರೋ!

ಮೇಷ್ಟ್ರು ಅಭ್ಯಾಸಬಲದಿಂದ ಖಾಲಿ ಬೆಂಚುಗಳ ಕಡೆ ತಿರುಗಿ, "ಎಲ್ಲರಿಗೂ ಅರ್ಥ ಆಯ್ತಾ?" ಎಂದರು. ಎಲ್ಲರ ಪರವಾಗಿ ನಾನೇ "ಹೂಂ ಸಾರ್" ಎಂದೆ. ಅರ್ಥವಾಗಿರಲಿಲ್ಲ.

ನಾನೂ ನನ್ನ ಬೆಂಚಿನವಳೂ ಲೆಕ್ಕಗಳನ್ನು ಬೇರೆ ಬೇರೆ ಮಾಡಿ, ನೋಟ್ ಬುಕ್ ಅದಲುಬದಲು ಮಾಡಿಕೊಂಡು ತಿದ್ದುತ್ತಿದ್ದೆವು. ಇಂಟಿಗ್ರೇಶನ್ ಲೆಕ್ಕದ ಕೊನೆಗೆ ಸೇರಿಸಲೇಬೇಕಾದ ಸ್ಥಿರಾಂಕ, "ಪ್ಲಸ್ ಸಿ" ಬರೆಯುವುದನ್ನು ನಾನು ಪ್ರತಿಸಲ ಮರೆಯುತ್ತೇನೆ. ಅವಳು ಆ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಸಿ ಎಲ್ಲೇ? ನಿಮ್ಮಜ್ಜಿ ಬಂದು ಹಾಕ್ತಾರಾ?" ಎನ್ನುತ್ತಿದ್ದಳು.

ಈಗಷ್ಟೇ ಐದು ಲೆಕ್ಕ ಮುಗಿಸಿದೆ. ನಾನೇ ತಿದ್ದಿ, ಐದಕ್ಕೂ ಪೆನ್ಸಿಲ್ಲಿನಲ್ಲಿ ಸರಿ ಗುರುತು ಹಾಕಿಕೊಂಡೆ. ನೋಟ್ ಬುಕ್ ಮುಚ್ಚುವಾಗ ಕಣ್ಣಿಗೆ ಬಿತ್ತು, ಒಂದರಲ್ಲೂ ಸಿ ಇಲ್ಲ. ಸುತ್ತು ಹಾಕೋಣವೆಂದು ಚೀಲವನ್ನೆಲ್ಲ ತಡಕಾಡಿದೆ.

ಕೆಂಪು ಪೆನ್ನು ಅವಳದಾಗಿತ್ತಲ್ಲ.