ಅತ್ತೆಯವರು ತಾವೇ ಹುಡುಕಿಕೊಂಡ ಹಾಡು

ಕೋಪರಖೈರಣೆ
ಗುರುವಾರ, ೧೮ ಸೆಪ್ಟೆಂಬರ್ ೨೦೨೫, ಮಧ್ಯಾಹ್ನ

ಪ್ರೀತಿಯ ಸ್ವಪ್ನಿಲ್,

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಎಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತೀರಿ, ಆಮೇಲೆ ಫೋನಿನಲ್ಲಿ ತಲೆನೋವು ಅನ್ನುತ್ತೀರಿ. ನಾವೆಲ್ಲ ಚೆನ್ನಾಗಿದ್ದೇವೆ. ಚಿನ್ನುವಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ನಗಲು ನಾಚಿಕೊಳ್ಳುತ್ತಾಳೆ. ವಸಂತಕುಮಾರ ಅವರು ನಾಳೆ ವಿಮಾನ ಹಿಡಿದು ಸಿಂಗಾಪುರದಲ್ಲಿ ನಿಮ್ಮ ಹಡಗು ಹತ್ತುತ್ತಾರಂತೆ, ಸಂಜೆ ಡಬ್ಬಿ ಒಯ್ಯಲು ಬರುತ್ತಾರೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎರಡನ್ನೂ ಅತ್ತೆಯೇ ಕುಟ್ಟಿದ್ದು. ದಿನಾ ಮಾತಾಡುವವಳು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಬಹುದು. ಎರಡು ಮಾತಿಗೊಮ್ಮೆ ಕಡಿದು ಹೋಗುವ ಫೋನಿನಲ್ಲಿ ಹೇಳುವ ಸಂಗತಿಯಲ್ಲ ಇದು. ಅತ್ತೆಯೇ ಹೇಳಿದರು: "ಅವಂಗ ನೀನ ಬರಿಯವ್ವಾ ಶೈಲಾ. ನಾ ಹೇಳಾಕ ಹೋದ್ರ ಪೂರ್ತಿ ಹೇಳಾಕ ಆಗಂಗಿಲ್ಲ." ಗಾಬರಿಯಾಗಬೇಡಿ, ಆರೋಗ್ಯದ ವಿಷಯವಲ್ಲ.

ಜೂನ್‌ನಲ್ಲಿ ಹೊರಡುವ ಹಿಂದಿನ ದಿನ ನೀವು ಅತ್ತೆಗೆ ಹೊಸ ಫೋನ್ ಕೊಟ್ಟು, ಹಾಡಿನ ಆ್ಯಪ್ ಹಾಕಿ, "ಅವ್ವಾ, ಜಗತ್ತಿನ ಹಾಡೆಲ್ಲ ಇದರಾಗ ಅದಾವು, ಯಾವ್ದು ಬೇಕೋ ಕೇಳು" ಎಂದಿರಲ್ಲ, ಅದರಿಂದಲೇ ಇದೆಲ್ಲ ಶುರುವಾಯಿತು. ನೀವು ಹೋದ ಮೇಲೆ ಒಂದು ತಿಂಗಳು ಅವರು ಆ ಫೋನನ್ನು ಸೆರಗಿನಿಂದ ಒರೆಸಿ ಒರೆಸಿ ಇಟ್ಟರೇ ಹೊರತು ಹಾಡು ಹಚ್ಚಲಿಲ್ಲ. ನಾನು ಮೈಕಿನ ಗುರುತು ತೋರಿಸಿ, ಬಾಯಲ್ಲಿ ಹೇಳಿದರೆ ಸಾಕು ಅಂದೆ. ಅವರು ಅದನ್ನು ತುಟಿಯ ಹತ್ತಿರ ಹಿಡಿದು ಮರ್ಯಾದೆಯಿಂದ, "ಹೊಳಿ ದಂಡಿಮ್ಯಾಲ ನಿಂತಾಕೀದು ಹಾಡ ಹಚ್ಚಪಾ" ಎಂದರು. ಅದು ಮರಾಠಿ ಮದುವೆಯ ಕುಣಿತದ ಹಾಡು ಹಚ್ಚಿತು. "ಅದಲ್ಲೋ ತಮ್ಮಾ" ಎಂದದ್ದಕ್ಕೆ ಇನ್ನೂ ಜೋರಾದ ಇನ್ನೊಂದು ಬಂತು. ಚಿನ್ನು ಬಿದ್ದು ಬಿದ್ದು ನಕ್ಕಳು. ಅತ್ತೆಯೂ ನಕ್ಕರು. ಆದರೆ ಫೋನು ಮರುದಿನ ದೇವರ ಮನೆಯ ಗೂಡು ಸೇರಿತು. ವಯಸ್ಸಾಯಿತು, ಆಸಕ್ತಿ ಇಲ್ಲವೇನೋ ಎಂದುಕೊಂಡು ನಾನೂ ಸುಮ್ಮನಾದೆ. ನನಗೆ ಬುದ್ಧಿ ಇರಲಿಲ್ಲ.

ಆಗಸ್ಟಿನ ಮೊದಲ ಶನಿವಾರ ನಾನು ಹಿಟ್ಟು ನಾದುತ್ತಿದ್ದೆ. ಅತ್ತೆ ಮಂಚದ ಕೆಳಗಿನ ಟ್ರಂಕು ಎಳೆದು, ಮಾವನವರ ಕ್ಯಾಸೆಟ್ಟುಗಳನ್ನೆಲ್ಲ ಹರಡಿಕೊಂಡು, ಒಂದನ್ನು ಹಿಡಿದು ಬಂದರು. "ಇದರಾಗಿಂದು ಆ ಫೋನಿನ್ಯಾಗ ಸಿಗತೈತೇನು ನೋಡು" ಎಂದರು. ಹಸಿರು ದಾರ ಕಟ್ಟಿದ್ದ ಕ್ಯಾಸೆಟ್ಟು. ಡಬ್ಬಿಯ ಕಾಗದದ ಮೇಲೆ ಮಾವನವರ ನೀಲಿ ಶಾಯಿಯಲ್ಲಿ ಹಾಡುಗಳ ಪಟ್ಟಿ. ಕೈಯೆಲ್ಲ ಹಿಟ್ಟಾಗಿತ್ತು, "ಹೆಸರು ಓದಿ ಹೇಳಿ ಅತ್ತಿ, ಕೈ ತೊಳೆದು ಟೈಪ್ ಮಾಡ್ತೀನಿ" ಎಂದೆ. "ಚಾಳೀಸು ಇಲ್ಲವ್ವಾ" ಎಂದರು. ಚಾಳೀಸು ಅವರ ಮೂಗಿನ ಮೇಲೇ ಇತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಅಡುಗೆಮನೆಯ ಬಾಗಿಲಿಗೆ ಒರಗಿ, ಕ್ಯಾಸೆಟ್ಟಿನ ದಾರ ತಿರುವುತ್ತ ಹೇಳಿದರು: "ನನಗ ಓದಾಕ ಬರಂಗಿಲ್ಲ ಶೈಲಾ."

ಹೌದು ಸ್ವಪ್ನಿಲ್. ದಿನಾ ಬೆಳಿಗ್ಗೆ ವಚನದ ಪುಸ್ತಕ ಹಿಡಿದು ಕೂರುತ್ತಾರಲ್ಲ, ನೀವು ಸ್ನೇಹಿತರಿಗೆಲ್ಲ ನಮ್ಮವ್ವ ದಿನಕ್ಕೆ ಹತ್ತು ಪುಟ ಓದತಾಳ ಎಂದು ಹೇಳಿಕೊಳ್ಳುತ್ತೀರಲ್ಲ, ಅದೆಲ್ಲ ಅವರಿಗೆ ಬಾಯಿಪಾಠ. ಪುಟ ತಿರುಗಿಸುವುದು ಬರೀ ಅಂದಾಜಿಗೆ. ಗೊತ್ತಿದ್ದವರು ಮಾವನವರೊಬ್ಬರೇ. ಅವರು ತೀರಿಕೊಂಡ ಈ ಆರು ವರ್ಷ ಈ ಗುಟ್ಟನ್ನು ಅತ್ತೆ ಒಬ್ಬರೇ ಕಾದಿದ್ದಾರೆ.

ಹಾಗಾದರೆ ಇಷ್ಟು ವರ್ಷ ಬೇಕಾದ ಹಾಡನ್ನು ಹೇಗೆ ಹುಡುಕುತ್ತಿದ್ದಿರಿ ಎಂದು ಕೇಳಿದೆ. ಹಿಟ್ಟು ಒಣಗುವವರೆಗೂ ಹೇಳಿದರು, ನಾನು ಬೆರಗಾಗಿ ಕೇಳುತ್ತ ನಿಂತೆ. ಶಹಾಡಿನ ಚಾಳಿನಲ್ಲಿದ್ದಾಗ ಮಾವನವರು ಹಳೆಯ ರೆಕಾರ್ಡ್ ಪ್ಲೇಯರ್ ತಂದಿದ್ದರಂತೆ. ಆ ಕಪ್ಪು ಪ್ಲೇಟುಗಳಲ್ಲಿ ನಡುವಿನ ಕಾಗದದ ಬಣ್ಣ, ಅದು ಎಲ್ಲಿ ಹರಿದಿದೆ ಎನ್ನುವುದು ಗುರುತು. ಬೆಳಕಿಗೆ ಹಿಡಿದರೆ ಹಾಡು ಹಾಡಿನ ನಡುವೆ ಮಿನುಗುವ ಗೆರೆ ಕಾಣುತ್ತಿತ್ತು, ಅದನ್ನು ಎಣಿಸಿ ಮೂರನೆಯ ಹಾಡಿಗೆ ಸರಿಯಾಗಿ ಮುಳ್ಳು ಇಡುತ್ತಿದ್ದರಂತೆ. ಕ್ಯಾಸೆಟ್ಟು ಬಂದಾಗ ಎಲ್ಲ ಒಂದೇ ತರಹ. ಅದಕ್ಕೆ ತೂತಿನಲ್ಲಿ ದಾರ ಪೋಣಿಸಿದರು. ಹಸಿರು ದಾರ ಬೀಸುಕಲ್ಲಿನ ಹಾಡು, ಕೆಂಪು ಸೋಬಾನೆ, ಬಿಳಿ ವಚನ. ಯಾವ ಬದಿ ಎಂದು ತಿಳಿಯಲು ಒಂದು ಮೂಲೆಗೆ ಕಾಯಿಸಿದ ಸೂಜಿಯ ಚುಚ್ಚು. ಬೇಕಾದ ಹಾಡು ಬಂತೋ ಇಲ್ಲವೋ ಎಂದು ಕಿಂಡಿಯಲ್ಲಿ ಟೇಪಿನ ಉಂಡೆ ಎಷ್ಟು ದಪ್ಪವಾಗಿದೆ ನೋಡಿಯೇ ಹೇಳುತ್ತಿದ್ದರು. ಅರವತ್ತು ಕ್ಯಾಸೆಟ್ಟು, ಒಂದೂ ತಪ್ಪಿಲ್ಲ! ನಾನು ಮಹಾಪೆಯ ಆಫೀಸಿನಲ್ಲಿ ಹತ್ತು ವರ್ಷದಿಂದ ಇಂಥದ್ದೇ ಕೆಲಸ ಮಾಡುತ್ತೇನೆ, ಸಾವಿರಾರು ಫೈಲುಗಳಿಗೆ ಗುರುತು ಹಚ್ಚಿ ಜೋಡಿಸುವುದು. ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದವರನ್ನು ನಾನು ಅಲ್ಲಿ ಕಂಡಿಲ್ಲ.

ಸಿಡಿ ಬಂದ ಮೇಲೆ ಕಷ್ಟವಾಯಿತಂತೆ. ನಿಮಗೆ ನೆನಪಿದೆಯೇ, ಒಮ್ಮೆ ನಿಮ್ಮ ಪ್ಲೇಯರಿನೊಳಗೆ ಹಣೆಗೆ ಹಚ್ಚುವ ಟಿಕ್ಲಿ ಕಿತ್ತುಬಂದು ಅಂಟಿಕೊಂಡು ಅದು ಕೆಟ್ಟು ಹೋಯಿತು, ನೀವು "ಸಿಡಿಗೆ ಯಾರಾದ್ರೂ ಟಿಕ್ಲಿ ಹಚ್ತಾರೇನ ಅವ್ವಾ" ಎಂದು ರೇಗಿದಿರಿ. ಅದು ಗುರುತಿನ ಟಿಕ್ಲಿ. ಆಮೇಲೆ ನೀವು ಒಂದೇ ಎಂಪಿತ್ರೀ ಡಿಸ್ಕಿನಲ್ಲಿ ನೂರ ಇಪ್ಪತ್ತು ಹಾಡು ತುಂಬಿಸಿ ಕೊಟ್ಟಿರಿ. ಅಂಕಿ ಅವರಿಗೆ ಬರುತ್ತದೆ, ಬಸ್ಸಿನ ನಂಬರು ನೋಡಿ ನೋಡಿ ಕಲಿತದ್ದು. ಇಪ್ಪತ್ತಮೂರು ಯಾವುದು, ತೊಂಬತ್ತೊಂದು ಯಾವುದು ಎಂದು ನೂರ ಇಪ್ಪತ್ತನ್ನೂ ನೆನಪಿಟ್ಟರು. ಆ ಡಿಸ್ಕು ಸವೆದು ನೀವು ಹೊಸದು ಮಾಡಿಕೊಟ್ಟಾಗ ಎಲ್ಲ ನಂಬರೂ ಅದಲು ಬದಲು. ಅಂದೇ ಹಾಡು ಕೇಳುವುದನ್ನು ಬಿಟ್ಟರಂತೆ. ನಾವು ಮಾತ್ರ ಅತ್ತೆಗೆ ಈಗ ಸೀರಿಯಲ್ ಹುಚ್ಚು ಎಂದುಕೊಂಡೆವು. ಕೊನೆಗೆ ಫೋನನ್ನು ತೋರಿಸಿ ಹೇಳಿದರು: "ಟೇಪಿಗೆ ದಾರ ಕಟ್ಟಬಹುದಿತ್ತವ್ವಾ. ಈ ಗಾಜಿನ ಮ್ಯಾಲ ಏನ ಕಟ್ಲಿ? ನಿನ್ನೆ ಮ್ಯಾಲ ಇದ್ದದ್ದು ಇವತ್ತ ಕೆಳಗ ಇರತೈತಿ."

ನಿಮಗೆ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ, ಅತ್ತೆ ಬರಿ ಎಂದರು. ನೀವು ಎರಡನೇ ಇಯತ್ತೆಯಲ್ಲಿದ್ದಾಗ ನಿಮ್ಮ ವರ್ಗದ ಒಬ್ಬ ಹುಡುಗನ ತಾಯಿ ಪ್ರಗತಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದರಂತೆ. ನೀವು ಮನೆಗೆ ಬಂದು, "ಅವನ ಆಯಿ ಅಂಗೂಠಾ ಛಾಪ್" ಎಂದು ಕುಣಿದು ಕುಣಿದು ನಕ್ಕಿರಂತೆ. ಆ ವಾರವೇ ಮಾವನವರನ್ನು ಕೂರಿಸಿಕೊಂಡು ಅತ್ತೆ ತಮ್ಮ ಹೆಸರು ಕಲಿತರು. "ಬಸವಣ್ಣೆವ್ವ ಅಂತ ಬರೀತಿರಲಿಲ್ಲವ್ವಾ, ರಂಗೋಲಿ ಬಿಡಿಸಿದಂಗ ಬಿಡಿಸ್ತಿದ್ದೆ." ನಿಮ್ಮ ಹತ್ತನೇ ಇಯತ್ತೆಯವರೆಗೆ ಪ್ರತಿ ಪುಸ್ತಕದ ಮೇಲೂ ಇರುವುದು ಆ ರಂಗೋಲಿ. ನೀವಾಗ ಏಳು ವರ್ಷದ ಮಗು, ಮನಸ್ಸಿಗೆ ಹಚ್ಚಿಕೊಂಡು ಊಟ ಬಿಡಬೇಡಿ. ಅವರಿಗೆ ನಿಮ್ಮ ಮೇಲೆ ಒಂದಿಷ್ಟೂ ಬೇಸರವಿಲ್ಲ.

ನಾನು ಕೂಡಲೇ, ನಿಮಗೆ ಬೇಕಾದದ್ದನ್ನೆಲ್ಲ ಹುಡುಕಿ ಒಂದೇ ಕಡೆ ಇಟ್ಟುಕೊಡುತ್ತೇನೆ, ಒಂದು ಬೆರಳು ಒತ್ತಿದರೆ ಸಾಕು ಎಂದೆ. ಅವರು ಒಪ್ಪಲಿಲ್ಲ. ಕ್ಯಾಸೆಟ್ಟನ್ನು ನನಗೆ ಕೊಡದೆ ತಿರುಗಿ ಟ್ರಂಕಿನೊಳಗೆ ಇಟ್ಟರು. "ನೀ ಹಚ್ಚಿದ್ದು ನಾ ಕೇಳೂದು ಬ್ಯಾರೆ, ನನಗ ಬೇಕಾದ್ದು ನಾ ಹುಡುಕೂದು ಬ್ಯಾರೆ. ಕಲಿಸೂದಿದ್ರ ಅಕ್ಷರ ಕಲಿಸು" ಎಂದರು. ಎಪ್ಪತ್ತೆರಡು ವರ್ಷ ಸ್ವಪ್ನಿಲ್!

ಮರುದಿನವೇ ವಾಶಿಯಿಂದ ಬಳಪ, ಎರಡು ಪಾಟಿ ತಂದೆ, ಒಂದು ಚಿನ್ನುವಿಗೆ. ಅವಳಿಗೂ ಕನ್ನಡದ ಅಕ್ಷರ ಬರದು. ದಿನಾ ಸಂಜೆ ಅಜ್ಜಿ ಮೊಮ್ಮಗಳು ಎದುರೆದುರು ಕೂತು ತಿದ್ದುತ್ತಾರೆ. ಅತ್ತೆ ಬರೆದ ಅಕ್ಷರವನ್ನು ಅವಳು ಎದುರಿನಿಂದ ನೋಡಿ, "ಅಜ್ಜಿ, ಯೇ ತೋ ಉಲ್ಟಾ ಹೈ!" ಎನ್ನುತ್ತಾಳೆ. "ನೀ ಈ ಕಡೆ ಬಾ, ಸುಲ್ಟಾ ಆಗತೈತಿ" ಎನ್ನುತ್ತಾರೆ ಅತ್ತೆ. ಮೊದಲ ವಾರ ಬೆರಳು ಬಾಗದೆ ಪಾಟಿಯನ್ನು ಮಂಚದ ಮೇಲೆ ಎಸೆದದ್ದೂ ಉಂಟು. ಹತ್ತು ನಿಮಿಷಕ್ಕೆ ತಾವೇ ಎತ್ತಿಕೊಂಡರು. ಕಾಗುಣಿತ ಮುಗಿದ ಮೇಲೆ ಪಠ್ಯಪುಸ್ತಕ ಬೇಡವೆಂದು ಕ್ಯಾಸೆಟ್ಟಿನ ಡಬ್ಬಿಗಳನ್ನೇ ತೆಗೆದರು. ಹಾಡು ಬಾಯಿಗೆ ಬರುವುದರಿಂದ ಅಕ್ಷರ ತಾನಾಗಿ ಕೂರುತ್ತಿತ್ತು. ಐವತ್ತು ವರ್ಷ ಸಂಸಾರ ಮಾಡಿದ ಗಂಡನ ಕೈಬರಹವನ್ನು ಅವರು ಮೊದಲ ಸಲ ಓದಿದ್ದು ಆಗ. "ನಿಮ್ಮ ಮಾವ ಳಕಾರ ಚಂದ ಬರೀತಿದ್ರು" ಎಂದರು ಒಂದು ದಿನ.

ಹೋದ ಭಾನುವಾರ ಹಸಿರು ದಾರದ ಡಬ್ಬಿ ಓದುತ್ತಿದ್ದರು. ಎ ಬದಿಯ ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು. ಆ ಹೊಳೆ ದಂಡೆಯ ಹಾಡಿನ ಹೆಸರು, ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಪದ. "ಈ ಬಾಲ ಏನವ್ವಾ?" ಎಂದು ಕೇಳಿದರು. ಅರ್ಕಾವತ್ತು ಹೇಳಿಕೊಟ್ಟೆ. "ಅ... ರ್ಧ. ಅರ್ಧ?" ಎಂದು ನನ್ನ ಮುಖ ನೋಡಿದರು. "ಯಾವುದು ಅರ್ಧ?"

ಅತ್ತೆ ಯಾವಾಗಲೂ ಗುನುಗುವ ಹಾಡು ಅದು, ನಿಮಗೂ ಬರುತ್ತದೆ. ತವರಿಗೆ ಹೊರಟವಳು ತುಂಬಿದ ಹೊಳೆಯ ದಂಡೆಗೆ ಬಂದು ದೋಣಿಗಾಗಿ ಕಾಯುತ್ತ ನಿಲ್ಲುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಮುಗಿಯುತ್ತದೆ ಎಂದು ನಾವು ತಿಳಿದಿದ್ದೆವು. ಮಾವನವರು ಅದನ್ನು ಶಹಾಡಿನ ಕಾರ್ಖಾನೆಯ ಗೆಳೆಯ ದೇಜಪ್ಪನವರ ಮನೆಯಲ್ಲಿ, ಅವರ ಎರಡು ಕ್ಯಾಸೆಟ್ಟಿನ ಮಶಿನ್ನಿನಲ್ಲಿ ನಕಲು ಮಾಡಿಕೊಂಡು ಬಂದದ್ದು. ಆ ನುಡಿ ಮುಗಿಯುವುದಕ್ಕೂ ಟೇಪು ತೀರುವುದಕ್ಕೂ ಸರಿಹೋಗಿತ್ತು. ಟಕ್ ಎಂದು ಗುಂಡಿ ಮೇಲೇಳುತ್ತಿತ್ತು, ಅತ್ತೆ ಎದ್ದು ಬದಿ ಬದಲಿಸುತ್ತಿದ್ದರು. ಮಾವ ಮತ್ತೊಮ್ಮೆ ತುಂಬಿಸಿಕೊಂಡು ಬರೋಣವೆಂದು ಬರೆದಿಟ್ಟು ಮರೆತಿರಬೇಕು.

ಅತ್ತೆ ಗೂಡಿನಿಂದ ಫೋನು ತಂದರು. ನಾನು ಕೈ ಚಾಚಿದೆ, ಕೊಡಲಿಲ್ಲ. ಕನ್ನಡದ ಕೀಲಿಮಣೆಯ ಮೇಲೆ ಒಂದೊಂದೇ ಅಕ್ಷರ ಒತ್ತಿದರು. ಮೊದಲು "ಹೊಳಿದಂಡಿ" ಎಂದು ಕೂಡಿಸಿ ಬರೆದರು, ಏನೂ ಸಿಗಲಿಲ್ಲ. ಅಳಿಸಿ, ಮಾವ ಬರೆದಂತೆಯೇ ನೋಡಿ ನೋಡಿ "ಹೊಳೆ ದಂಡೆ" ಎಂದು ಒತ್ತಿದರು. ಉದ್ದನೆಯ ಪಟ್ಟಿ ಬಂತು. ಬೆರಳಿಟ್ಟು ಓದುತ್ತ ಓದುತ್ತ ನಾಲ್ಕನೆಯದರಲ್ಲಿ ನಿಂತು, "ಇದ" ಎಂದು ಒತ್ತಿದರು.

ಅದೇ ದನಿ. ಬೀಸುಕಲ್ಲಿನ ಗರಗರ ಕೂಡ ಅದೇ. ದಂಡೆಯ ನುಡಿ ಬಂದಾಗ ಅತ್ತೆಯ ಕೈ, ಗುಂಡಿ ಏಳುವ ಹೊತ್ತಾಯಿತು ಎನ್ನುವಂತೆ, ಮುಂದೆ ಹೋಯಿತು. ಹಾಡು ನಿಲ್ಲಲಿಲ್ಲ. ಇನ್ನೂ ಮೂರು ನುಡಿ ಇದ್ದವು! ದೋಣಿ ಬರುತ್ತದೆ. ಹುಟ್ಟು ಹಾಕುವವನು ಅವಳ ತಮ್ಮನೇ. ಮದುವೆಯಲ್ಲಿ ಅವಳ ತೊಡೆಯ ಮೇಲೆ ಕೂತಿದ್ದವನಿಗೆ ಈಗ ಮೀಸೆ ಬಂದು ಗುರುತೇ ಸಿಗುವುದಿಲ್ಲ. ಅವಳನ್ನು ಹತ್ತಿಸಿಕೊಂಡು ಹೋಗುತ್ತಾನೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದರು. ಮುಗಿದ ಮೇಲೆ ನನ್ನ ಮೊಣಕೈ ಹಿಡಿದು ಅಲುಗಿಸಿದರು: "ದೋಣಿ ಬಂದಿತ್ತವ್ವಾ ಶೈಲಾ! ನಲವತ್ತ ವರ್ಷ ಆಕಿನ್ನ ದಂಡಿಮ್ಯಾಲ ನಿಲ್ಲಿಸೇನಲ್ಲ ನಾನು!" ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಇತ್ತು. ನನಗಂತೂ ಅಳುವೇ ಬಂತು. ಚಿನ್ನು ಬಂದು "ಕ್ಯಾ ಹುವಾ?" ಎಂದು ಕೇಳಿದ್ದಕ್ಕೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಪೂರ್ತಿ ಹಾಡು ಮತ್ತೆ ಹಚ್ಚಿದರು. ಇಂಥವರ ಸೊಸೆ ನಾನು ಎಂದು ಅಂದು ಎಷ್ಟು ಹೆಮ್ಮೆಯಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ.

ಕೈ ನೋಯುತ್ತಿದೆ, ಇಷ್ಟುದ್ದ ಬರೆದು ಎಷ್ಟು ವರ್ಷವಾಯಿತೋ. ಅತ್ತೆಯ ಆಶೀರ್ವಾದ ಚಟ್ನಿಯ ಡಬ್ಬಿಯ ಜೊತೆಗೇ ಬರುತ್ತಿದೆ. ಚಿನ್ನು ಹಲ್ಲಿಲ್ಲದ ಮುತ್ತು ಕಳಿಸಿದ್ದಾಳೆ. ನೀರು ಕುಡಿಯಿರಿ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ಶೈಲಶ್ರೀ

ತಾ.ಕ.: ವಸಂತಕುಮಾರ ಕೆಳಗೆ ಬಂದು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಫೋನಿನಲ್ಲಿ ಉತ್ತರ ಕೊಡಬೇಡಿ, ನನಗೂ ಬರೆಯಬೇಡಿ. ಮುಂದಿನ ಬಂದರಿನಿಂದ ಒಂದು ಕಾಗದ ಅತ್ತೆಗೆ ಹಾಕಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಎರಡೇ ಸಾಲಾದರೂ ಸರಿ. ಲಕೋಟೆಯ ಮೇಲೆ ಅವರ ಪೂರ್ತಿ ಹೆಸರು ಬರೆಯಿರಿ. ನಿನ್ನೆ ಮಾತಿಗೆ ಮಾತು ಬಂದು ಹೇಳಿದರು, ಅವರ ಹೆಸರಿಗೆ ಇವತ್ತಿನವರೆಗೂ ಒಂದು ಪತ್ರ ಬಂದಿಲ್ಲವಂತೆ.